ಎಂಟು ಹೊಸ್ತಿಲುಗಳು

ನನ್ನನ್ನು ಸಾಕಿ ಓದಿಸಿದ ಚಿಗವ್ವ, ಅಂದರೆ ತಾಯಿಯ ತಂಗಿ, ಕಮಲಾಪುರದಲ್ಲಿ ಇದ್ದದ್ದು ದಾನದ ಕೋಣೆಯಲ್ಲಿ. ದಿಕ್ಕಿಲ್ಲದ ಹೆಂಗಸರಿಗೆಂದು ಯಾರೋ ಹಿಂದೆ ಕಟ್ಟಿಸಿದ ಸಾಲು ಅದು. ಎಂಟು ಕೋಣೆ, ಪ್ರತಿಯೊಂದಕ್ಕೂ ತನ್ನದೇ ಒಲೆ, ತನ್ನದೇ ಬಾಗಿಲು. ಬೆಳಗಾದರೆ ಎಂಟು ಹೆಂಗಸರು ಎಂಟು ಹೊಸ್ತಿಲುಗಳನ್ನು ತೊಳೆದು ವಿಭೂತಿ ಹಚ್ಚುತ್ತಿದ್ದರು. ಕಲಬುರಗಿಯಲ್ಲಿ ವಾಸ್ತುಶಿಲ್ಪ ಓದುವಾಗ ಆ ಸಾಲಿನ ವಿಷಯವನ್ನು ನಾನು ಯಾರಿಗೂ ಹೇಳಲಿಲ್ಲ.

ಆದರೆ ಕೊನೆಯ ವರ್ಷದ ಪ್ರಬಂಧಕ್ಕೆ ಆರಿಸಿಕೊಂಡದ್ದು ಇಂಗ್ಲೆಂಡಿನಲ್ಲಿ ಬಡ ವೃದ್ಧರಿಗಾಗಿ ದಾನಿಗಳು ಕಟ್ಟಿಸಿದ ಹಳೆಯ ಆಮ್ಸ್‌ಹೌಸ್‌ಗಳನ್ನು. ನಡುವೆ ಅಂಗಳ, ಸುತ್ತ ತಗ್ಗು ಮನೆಗಳು, ಒಬ್ಬೊಬ್ಬರಿಗೆ ಒಂದೊಂದು ಬಾಗಿಲು, ಒಂದೊಂದು ಹೊಗೆಗೂಡು. ದಾನ ಪಡೆದವರಿಗೂ ಒಳಗಿನಿಂದ ಅಗುಳಿ ಹಾಕಿಕೊಳ್ಳುವ ಹಕ್ಕಿದೆಯೆಂದು ಈ ಕಟ್ಟಡಗಳು ಒಪ್ಪಿಕೊಂಡಿವೆ ಎಂದು ಬರೆದೆ.

"ಇಂಥಾದ್ದು ನಮ್ಮ ಕಡೆ ಎಲ್ಲೆರ ನೋಡೀರೇನ್ರಿ?" ಎಂದು ಪರೀಕ್ಷಕರು ಕೇಳಿದರು.

"ಇಲ್ಲ, ಸರ್" ಎಂದೆ. ಒಳ್ಳೆಯ ಅಂಕ ಬಂತು.

ಮುಂದೆ ಸೇಡಂ ರಸ್ತೆಯ ಕಚೇರಿಯೊಂದರಲ್ಲಿ ಕೆಲಸ ಸಿಕ್ಕಿತು. ಕಮಲಾಪುರದ ಅದೇ ಸಾಲನ್ನು ಕೆಡವಿ ವೃದ್ಧಾಶ್ರಮ ಕಟ್ಟುವ ಕೆಲಸ ನನ್ನ ಮೇಜಿಗೇ ಬಂತು. ಚಿಗವ್ವ ಫೋನ್ ಮಾಡಿದಳು. "ಏನರ ಕಟ್ರಿ ಯವ್ವಾ, ನನಗೊಂದು ಬಾಗಿಲಾ ಇರ್ಲಿ. ಬಾಜೂದಾಕಿ ಗೊರಕಿಗಿ ಗ್ವಾಡಿ ನಡುಗ್ತದ. ಗ್ವಾಡಿ ಇಲ್ಲಂದ್ರ ನಾನೇ ನಡುಗಬೇಕು."

ನನ್ನ ನಕ್ಷೆಯಲ್ಲಿ ಎಂಟು ಬಾಗಿಲುಗಳಿದ್ದವು. ಹೊಸ ದಾನಿ ಅದನ್ನು ನೋಡಿ ನಕ್ಕರು. "ಇದೇನ್ ಲಾಡ್ಜ್ ಏನ್ರಿ ಮೇಡಂ? ಒಂದ ದೊಡ್ಡ ಹಾಲ್ ಮಾಡ್ರಿ. ನೋಡಾಕ ಬಂದೋರಿಗಿ ಬಾಗಿಲದಾಗ ನಿಂತ್ರ ಎಲ್ಲಾರೂ ಕಾಣಬೇಕು."

ಅಲ್ಲಿ ನನ್ನ ಚಿಗವ್ವ ಇದ್ದಾಳೆ ಎನ್ನಬಹುದಿತ್ತು. ಹಾಗೆಂದಿದ್ದರೆ ನಾನು ಯಾವ ಬಾಗಿಲಿನಿಂದ ಬಂದವಳೆಂದು ಕಚೇರಿಗೆಲ್ಲ ತಿಳಿಯುತ್ತಿತ್ತು. "ಪರಿಷ್ಕರಿಸುತ್ತೇನೆ, ಸರ್" ಎಂದೆ.

ಹಾಲ್ ಉದ್ಘಾಟನೆಯಾದ ತಿಂಗಳಿಗೆ ಕಚೇರಿಗೆ ದೂರು ಬಂತು: ಮುದುಕಿಯೊಬ್ಬಳು ದಿನವೂ ನೆಲದ ಮೇಲೆ ನೀರು ಸುರಿಯುತ್ತಾಳೆ. ಹೋಗಿ ನೋಡಿದೆ. ಚಿಗವ್ವ ತನ್ನ ಮಂಚದ ಮುಂದಿನ ಮೊಳದುದ್ದ ನೆಲವನ್ನು ತೊಳೆದು, ನುಣುಪಾದ ಟೈಲ್ಸ್ ಮೇಲೆ ವಿಭೂತಿಯ ಮೂರು ಗೆರೆ ಎಳೆದಿದ್ದಳು. ನಾನು ಹತ್ತಿರ ಹೋದೆ.

"ಹೊಸ್ತಿಲಾ ತುಳಿಬ್ಯಾಡ" ಎಂದಳು. "ದಾಟಿ ಒಳಗ ಬಾ."

ಮೇಲ್ವಿಚಾರಕರು ನನ್ನನ್ನೇ ನೋಡುತ್ತಿದ್ದರು. ನಾನು ಈಚೆಯೇ ನಿಂತೆ. ಜಾರದ ಟೈಲ್ಸ್ ಹಾಕಿಸಬೇಕೆಂದು ವರದಿ ಬರೆದು, ಸಹಿ ಮಾಡಿ, ಕಲಬುರಗಿಯ ಬಸ್ಸು ಹತ್ತಿದೆ.