ಪಾಳುಭೂಮಿಯಲ್ಲ, ಕಾವಲು

ಚಳ್ಳಕೆರೆಯ ಕಾಲೇಜಿನಲ್ಲಿ ನಾನು ಭೂಗೋಳ ಪಾಠ ಮಾಡುತ್ತೇನೆ. ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಸಿಟ್ಟು. ಪಠ್ಯಪುಸ್ತಕ ತೆರೆದರೆ ಅದು ಇನ್ನೂ ಏರುತ್ತದೆ. ಉಳ್ಳಾರ್ತಿ, ವರವು ಕಾವಲಿನಂಥ ಹುಲ್ಲುಗಾವಲುಗಳೆಲ್ಲ ಅದರಲ್ಲಿ ‘ಪಾಳುಭೂಮಿ’. ಕಂದಾಯ ಹುಟ್ಟದ ನೆಲವನ್ನೆಲ್ಲ ಬಿಳಿಯರು ಹಾಗೆ ಬರೆದಿಟ್ಟರು. ಅವರು ಹೋದರು, ನಾವು ಇನ್ನೂ ಅದನ್ನೇ ಬಾಯಿಪಾಠ ಮಾಡಿಸುತ್ತಿದ್ದೇವೆ. ನಮ್ಮಪ್ಪ ದನ ಕಾಯ್ದು ನನ್ನನ್ನು ಓದಿಸಿದ್ದು ಅದೇ ಪಾಳಿನಲ್ಲಿ!

ಕಳೆದ ವರ್ಷ ಮೊಳಕಾಲ್ಮುರು ಕಡೆಯ ದನಗಾಹಿ ಮನೆಯ ಹುಡುಗಿಯೊಬ್ಬಳು ಡಿಗ್ರಿಯ ಕೊನೆಯ ಪ್ರಾಜೆಕ್ಟಿಗೆ ವರವು ಕಾವಲಿನ ನಕ್ಷೆ ಬರೆದಳು. ತಿಂಗಳುಗಳ ಬದಲು ಮಳೆಗಳ ಹೆಸರು: ಆರಿದ್ರೆಯಲ್ಲಿ ದನ ಎಲ್ಲಿ, ಹುಬ್ಬೆಯಲ್ಲಿ ಎಲ್ಲಿ, ಬೀಜ ಉದುರುವ ತನಕ ಯಾವ ಹುಲ್ಲಿಗೆ ದನ ಬಿಡಬಾರದು. ನಾನು ಒಂದು ಗೆರೆಯನ್ನೂ ತಿದ್ದಲಿಲ್ಲ. ಅವಳಿಗೆ ಎಂ.ಎ. ಓದುವ ಆಸೆ. ಪ್ರಾಜೆಕ್ಟ್ ಪಾಸಾಗದೆ ವರ್ಷ ಹೋದರೆ ಮದುವೆ ಮಾಡುತ್ತೇನೆಂದು ಅವಳಪ್ಪ ಹೇಳಿಯಾಗಿತ್ತು.

ವೈವಾಕ್ಕೆ ಹೊರಗಿನಿಂದ ಬಂದ ಪರೀಕ್ಷಕರು ಇಂಗ್ಲಿಷಿನಲ್ಲಿ ಶುರು ಮಾಡಿದರು. ಹುಡುಗಿ ತಬ್ಬಿಬ್ಬಾದಳು.

“ಕನ್ನಡದಲ್ಲೇ ಕೇಳಿ ಸಾರ್, ಅವಳು ಬರೆದಿರೋದೂ ಕನ್ನಡದಲ್ಲೇ,” ಎಂದೆ.

ಅವರು ಹುಬ್ಬು ಗಂಟಿಕ್ಕಿ, ನಕ್ಷೆಯಲ್ಲಿ ದನ ನಡೆಯುವ ಒಂದು ಗೆರೆಯ ಮೇಲೆ ಬೆರಳಿಟ್ಟರು. “ಈ ದಾರಿ ಎಲ್ಲಿದೆಯಮ್ಮ? ಅಲ್ಲಿ ಈಗ ಸರ್ಕಾರದ ಬೇಲಿ ಇದೆಯಲ್ಲ?”

“ಬೇಲಿ ಐತೆ ಸಾರ್. ದನ ಈಗ್ಲೂ ಅಲ್ಲಿಗಂಟ ಹೋಗಿ ನಿಂತ್ಕಂತಾವೆ. ಅದ್ಕೇ ಬರ್ದಿದೀನಿ.”

ಅವರು ನಕ್ಷೆಯನ್ನು ಪಕ್ಕಕ್ಕೆ ಸರಿಸಿದರು. “ಮಳೆ ಹೆಸರು ತೆಗೆದು ತಿಂಗಳು ಹಾಕಿ. ಕಾವಲಿಗೆ ಪಾಳುಭೂಮಿಯ ಬಣ್ಣ ಕೊಡಿ. ಒಂದು ವಾರದಲ್ಲಿ ತಿದ್ದಿ ತಂದರೆ ಪಾಸು. ಇದು ವಿಜ್ಞಾನ ಮೇಡಂ, ಅಜ್ಜಿಕಥೆ ಅಲ್ಲ.”

“ನಿಮ್ಮ ಪುಸ್ತಕದ ಜೂನ್ ಮಳೆ ನಮ್ಮ ಸೀಮೆಗೆ ಬರೋದೇ ಅಪರೂಪ ಸಾರ್, ಬರೋದು ಬರೀ ಗಾಳಿ,” ಎಂದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

ಹೊರಗೆ ಹುಡುಗಿ ಕಂಬಕ್ಕೆ ಒರಗಿ ಅಳುತ್ತಿದ್ದಳು.

“ನೀನು ತಿದ್ದಿದ್ರೂ ನಾನು ಬ್ಯಾಡ ಅನ್ನಲ್ಲ ಕಣೇ, ಹೋಗೋದು ನಿನ್ನ ವರ್ಷ,” ಎಂದೆ. “ತಿದ್ದಲಿಲ್ಲ ಅಂದ್ರೆ ದೂರು ಕೊಡೋಕೆ ವಿಶ್ವವಿದ್ಯಾಲಯದ ತನಕ ನಿನ್ನ ಜೊತೆ ನಾನು ಬರ್ತೀನಿ. ಯೋಚನೆ ಮಾಡು.”

ಕಣ್ಣೊರೆಸಿಕೊಂಡು ಬಸ್ಸು ಹತ್ತಿದಳು. ಆ ವಾರ ನನಗೆ ಅನ್ನ ರುಚಿಸಲಿಲ್ಲ. ಅವಳು ತಿದ್ದಿಯೇ ತರಲಿ ಎಂದೂ ಅನ್ನಿಸುತ್ತಿತ್ತು, ತಿದ್ದದಿರಲಿ ಎಂದೂ ಅನ್ನಿಸುತ್ತಿತ್ತು.

ವಾರದ ಮೇಲೆ ಕಂಕುಳಲ್ಲಿ ದೊಡ್ಡ ಸುರುಳಿ ಇಟ್ಟುಕೊಂಡು ಬಂದಳು. “ಅವ್ವ ಬೈದ್ಲು ಮೇಡಂ,” ಎಂದಳು. “‘ವರ್ಸ ಹೋದ್ರೆ ಹೋಗ್ಲಿ, ನಿಮ್ಮಪ್ಪಂಗೆ ನಾನು ಹೇಳ್ತೀನಿ. ಕಾವಲನ್ನ ಪಾಳು ಅಂತ ಬರ್ದು ಮನೆಗೆ ಬರಬ್ಯಾಡ’ ಅಂದ್ಲು.”

ಮತ್ತೆ ಬಂದಿದ್ದ ಪರೀಕ್ಷಕರ ಮುಂದೆ ಸುರುಳಿ ಬಿಚ್ಚಿದಳು. ನಕ್ಷೆ ಮೇಜು ತುಂಬಿತು. ಕಾವಲೆಲ್ಲ ಹಸಿರು, ಅವೇ ಮಳೆಗಳು, ಬೇಲಿ ದಾಟುವ ಅದೇ ದಾರಿ.

“ತಿಂಗಳು ಹಾಕಿ ಅಂದಿದ್ದೆ?”

“ಹಾಕಿದೀನಿ ಸಾರ್, ಕೆಳಗೆ ಸಣ್ಣಕ್ಷರದಾಗೆ. ಮಳೆ ಗೊತ್ತಿಲ್ದೋರಿಗೆ.”

ನಗು ತಡೆದುಕೊಂಡು ನಾನು ಮೊದಲು ಸಹಿ ಹಾಕಿ, ಪೆನ್ನನ್ನು ಅವರ ಕಡೆ ನೂಕಿದೆ. ಅವರು ಬಗ್ಗಿ ಕೆಳಗಿನ ತಿಂಗಳುಗಳನ್ನು ಮೇಲಿನ ಮಳೆಗಳಿಗೆ ಒಂದೊಂದಾಗಿ ಹೊಂದಿಸಿ ನೋಡಿದರು. ಕೊನೆಗೆ ಪಾಸಾಗುವಷ್ಟೇ ಅಂಕ ಕೊಟ್ಟು ಸಹಿ ಹಾಕಿದರು. ನಮಗೆ ಅಷ್ಟು ಸಾಕಿತ್ತು.

ಹುಡುಗಿ ಈಗ ಎಂ.ಎ. ಓದುತ್ತಿದ್ದಾಳೆ. ನಕ್ಷೆ ನನ್ನ ತರಗತಿಯ ಗೋಡೆಯ ಮೇಲಿದೆ. ಈ ವರ್ಷ ಮೊದಲ ದಿನ ನಾನು ಪಠ್ಯಪುಸ್ತಕ ತೆರೆಯಲಿಲ್ಲ. “ಇಲ್ಲಿ ನಿಮ್ಮೂರು ಎಲ್ಲೈತೆ, ಬಂದು ತೋರಿಸ್ರೋ,” ಎಂದೆ. ಇಡೀ ತರಗತಿ ಎದ್ದು ಬಂತು.