ಚರಗದ ಡಬ್ಬಿ

ಎಳ್ಳ ಅಮಾಸಿಯ ದಿನ ಚಿಂಚೋಳಿ ಕಡೆಯ ನಮ್ಮ ಕೆರೆದಂಡೆ ಹೊಲದಾಗ ಊಟ ಮುಗಿದಿತ್ತು. ಭೂಮಿತಾಯಿಗೆ ಉಣಿಸುವ ಚರಗ ಅಂತ ಭಜ್ಜಿ, ಕಡುಬು, ರೊಟ್ಟಿ ಚೂರನ್ನು ತುಂಬಿದ್ದ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ತೆಗೆದು ಬುಟ್ಟಿಗೆ ಹಾಕಿ, ಅವ್ವ ಡಬ್ಬಿಯನ್ನು ನನ್ನ ಕೈಗಿಟ್ಟಳು. "ಹೊಲದ ಸುತ್ತ ಚೆಲ್ಲಿ ಬಾ" ಅಂದಳು.

ಹೊಟ್ಟೆ ಭಾರವಾಗಿತ್ತು, ಮೇಲೆ ಬಿಸಿಲು. ನಲವತ್ತು ದಾಟಿದ ಸೋಮಾರಿ ನಾನು, ಡಬ್ಬಿಯನ್ನು ಹಾಗೇ ಕೆರೆಯ ಪೊದೆಯಲ್ಲಿಟ್ಟು ಬಂದೆ.

"ಚೆಲ್ಲಿದಿ ಏನೋ?"

"ನಾಕೂ ಕಡಿ ಚೆಲ್ಲೀನಿ ಯವ್ವಾ."

ಸಂಜೆ ಗಂಟು ಕಟ್ಟುವಾಗ ನರಿಯೊಂದು ನೀರಿಗೆ ಬಂತು. ಅದರ ತಲೆ ನಮ್ಮ ಡಬ್ಬಿಯೊಳಗೆ ಸಿಕ್ಕಿಕೊಂಡಿತ್ತು. ಬಗ್ಗಿದಾಗಲೆಲ್ಲ ಡಬ್ಬಿ ನೀರಿಗೆ ಬಡಿಯುತ್ತಿತ್ತು, ಒಂದು ಗುಟುಕೂ ಕುಡಿಯಲಾಗಲಿಲ್ಲ. ಮನೆಮಂದಿಯೆಲ್ಲ ನಕ್ಕರು. ಯಾರಿಗೂ ಗೊತ್ತಾಗಬಾರದೆಂದು ನಾನೂ ನಕ್ಕೆ. ಅವ್ವ ನಗಲಿಲ್ಲ. ಬರಿಗಾಲಲ್ಲೇ ಅದರ ಕಡೆ ಓಡಿದಳು. ಅದು ಹೆದರಿ, ಕಲ್ಲಿಗೆ ಎಡವುತ್ತ ಕುರುಚಲು ಕಾಡು ಸೇರಿತು. ಕತ್ತಲಾಗುವ ತನಕ ಹುಡುಕಿದರೂ ಸಿಗಲಿಲ್ಲ.

ಮನೆಗೆ ಬಂದು ಅವ್ವ ಬುಟ್ಟಿ ಬಿಚ್ಚಿದಳು. ಡಬ್ಬಿಯ ಮುಚ್ಚಳವಷ್ಟೇ ಉಳಿದಿತ್ತು. ಅದನ್ನು ತಿಕ್ಕಿ ತೊಳೆದು, ಸೆರಗಿನಿಂದ ಒರೆಸಿ, ನನ್ನ ಕೈಗೆ ಕೊಟ್ಟಳು.

"ಇಟ್ಕೋ" ಅಂದಳು.