ನೀಲಿ ಡಬ್ಬಿಯ ದಾಸೋಹ

'ಅಕ್ಕಾರ, ಇದು ಇಂಗ್ಲೀಷ್‌ದಾಗ ಅದ. ಜರಾ ಓದಿ ಹೇಳ್ರಿ' ಎಂದು ಕಾಶೀಬಾಯಿ ಒಂದು ಕಾಗದವನ್ನು ನನ್ನ ಕೈಗಿಟ್ಟು, ಅಡುಗೆಮನೆಯ ಬಾಗಿಲಿಗೆ ಒರಗಿ ಕೂತಳು. ಕೂತಳು ಅನ್ನುವುದಕ್ಕಿಂತ ಕುಸಿದಳು ಅನ್ನಬೇಕು.

ಕಾಶೀಬಾಯಿಯ ರೊಟ್ಟಿಯ ಸುದ್ದಿ ಈ ಅಂಕಣದಲ್ಲಿ ಹಿಂದೊಮ್ಮೆ ಬಂದಿದೆ. ಮರೆತವರಿಗಾಗಿ ಹೇಳುತ್ತೇನೆ. ಹಿರೋಳ್ಳಿಯಲ್ಲಿ ಹುಟ್ಟಿ, ಆಳಂದದ ನಮ್ಮ ಓಣಿಗೆ ಸೊಸೆಯಾಗಿ ಬಂದವಳು. ಮೂವತ್ತು ವರ್ಷದಿಂದ ಜೋಳದ ರೊಟ್ಟಿ ಬಡಿದು ಮಾರುತ್ತಾಳೆ. ಅವಳ ರೊಟ್ಟಿಯ ಸಪ್ಪಳ ಕೇಳಿಯೇ ನಮ್ಮ ಮನೆಯಲ್ಲಿ ಬೆಳಗಿನ ಚಹಾ ಇಡುವುದು. ಆ ಸಪ್ಪಳ ನಿಂತು ವಾರವಾಗಿತ್ತು. ಚಳಿ ಜ್ವರ, ಬೆನ್ನಿನ ಪಕ್ಕೆಯಲ್ಲಿ ನೋವು. ಸೊಸೆ ಸವಿತಾ ಒತ್ತಾಯ ಮಾಡಿ ದವಾಖಾನೆಗೆ ಕರೆದೊಯ್ದಿದ್ದಳು. ಅಲ್ಲಿ ಹೊಸದಾಗಿ ಬಂದ ಲೇಡಿ ಡಾಕ್ಟರು ಮೂತ್ರದ ಸ್ಯಾಂಪಲ್ಲನ್ನು ಕಲಬುರಗಿಗೆ ಕಳಿಸಿದ್ದರು. ಅದರ ರಿಪೋರ್ಟು ನನ್ನ ಕೈಯಲ್ಲಿತ್ತು. ಡಾಕ್ಟರಿಗೆ ತೋರಿಸುವ ಮೊದಲು ನನಗೆ ತೋರಿಸಬೇಕು! ನಮ್ಮ ಓಣಿಯ ಪದ್ಧತಿಯೇ ಅದು. ಕಾನ್ವೆಂಟಿನಲ್ಲಿ ಓದಿದವಳು ನಾನೊಬ್ಬಳೇ ಅಲ್ಲವೇ?

ಕನ್ನಡಕ ಹಾಕಿಕೊಂಡು ಓದಿದೆ. ಎಡಗಡೆ ಔಷಧಿಗಳ ಹೆಸರು. ಪ್ರತಿ ಹೆಸರಿನ ಮುಂದೆ ಒಂದು ಅಕ್ಷರ. ಆರ್. ಅದರ ಕೆಳಗೆ ಆರ್. ಮತ್ತೆ ಆರ್. ರೆಸಿಸ್ಟೆಂಟ್ ಎಂದು ಕೆಳಗೆ ಸಣ್ಣಕ್ಷರದಲ್ಲಿ ಅರ್ಥ ಕೊಟ್ಟಿದ್ದರು. ಅಂದರೆ ಈ ಔಷಧಿಗೆ ಈ ರೋಗಾಣು ಬಗ್ಗುವುದಿಲ್ಲ. ನಾನು ಬೆಚ್ಚಿದ್ದು ಅಕ್ಷರ ನೋಡಿ ಅಲ್ಲ, ಹೆಸರು ನೋಡಿ. ಅಮಾಕ್ಸಿಸಿಲಿನ್. ಸಿಪ್ರೊಫ್ಲಾಕ್ಸಸಿನ್. ಇನ್ನೂ ನಾಲ್ಕೈದು. ನಮ್ಮ ಕಾನ್ವೆಂಟಿನ ಸಿಸ್ಟರ್ ಬೆಳಿಗ್ಗೆ ಅಟೆಂಡೆನ್ಸ್ ಕರೆದಂತೆ ಒಂದೊಂದೇ ಹೆಸರು ಓದುತ್ತ ಹೋದೆ. ಒಬ್ಬರೂ ಅಪರಿಚಿತರಿರಲಿಲ್ಲ.

ಎಲ್ಲರೂ ನನ್ನ ನೀಲಿ ಡಬ್ಬಿಯವರು.

'ಏನಂತದ್ರಿ ಕಾಗದ?' ಎಂದಳು ಕಾಶೀಬಾಯಿ.

'ಡಾಕ್ಟರ್ ಹೇಳ್ತಾರ ತಡಿ' ಎಂದೆ. ಮೂವತ್ತು ವರ್ಷದಲ್ಲಿ ಅವಳಿಗೆ ನಾನು ಈ ಮಾತು ಹೇಳಿದ್ದು ಅದೇ ಮೊದಲು.

ಈಗ ಡಬ್ಬಿಯ ಕತೆ ಹೇಳಬೇಕು. ಹೇಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ. ಏಕೆಂದರೆ ಇಂಥದೊಂದು ಡಬ್ಬಿ ನಿಮ್ಮ ಮನೆಯಲ್ಲೂ ಇರಬಹುದು. (ಫ್ರಿಜ್ಜಿನ ಮೇಲೆ? ದೇವರ ಜಗಲಿಯ ಕೆಳಗಿನ ಕಪಾಟಿನಲ್ಲಿ?)

ನನ್ನದು ಹಳೆಯ ಬಿಸ್ಕಿಟ್ ಡಬ್ಬಿ. ನಮ್ಮ ಯಜಮಾನರು ಹಲ್ಲು ಕೀಳಿಸಿಕೊಂಡಾಗ ಡಾಕ್ಟರು ಐದು ದಿನಕ್ಕೆ ಗುಳಿಗೆ ಬರೆದಿದ್ದರು. ಎರಡು ದಿನಕ್ಕೆ ನೋವು ಹೋಯಿತು. ಅವರು ಬಿಟ್ಟರು. ಉಳಿದದ್ದನ್ನು ಎಸೆಯುವುದೇ? ನಮ್ಮ ಅತ್ತೆಯವರ ಮನೆತನದಲ್ಲಿ ಏನನ್ನೂ ಎಸೆದು ಗೊತ್ತಿಲ್ಲ. ದಿನಾ ಒಂದು ಪಾಲು ಯಾರಿಗೋ ಎಂದು ತೆಗೆದಿಟ್ಟೇ ಊಟಕ್ಕೆ ಕೂಡುವ ಮನೆ. 'ಉಳದದ್ದು ನಮ್ದಲ್ಲ ಬೇ, ಬಂದೋರದು' ಎನ್ನುತ್ತಿದ್ದರು ಅತ್ತೆ. ಅವರು ಅದನ್ನು ಹೇಳಿದ್ದು ರೊಟ್ಟಿ, ಬ್ಯಾಳಿ, ಹುಗ್ಗಿಗೆ. ನಾನು ಅದನ್ನು ಗುಳಿಗೆಗೂ ಅನ್ವಯಿಸಿದೆ. ದಾಸೋಹ ಮಾಡುತ್ತಿದ್ದೇನೆ ಎಂದೇ ನಂಬಿದ್ದೆ, ಗಾಡ್ ಪ್ರಾಮಿಸ್.

ಡಬ್ಬಿ ತುಂಬುತ್ತ ಹೋಯಿತು. ನಮ್ಮ ಮನೆಯಲ್ಲಿ ಉಳಿದದ್ದು, ಪಕ್ಕದ ಮನೆಯಲ್ಲಿ ಉಳಿದದ್ದು, ಯಾರದೋ ಆಪರೇಷನ್ ಆದ ಮೇಲೆ ಉಳಿದದ್ದು. 'ಅಕ್ಕಾರ ಡಬ್ಬಿಗಿ ಹಾಕ್ರಿ' ಎಂದು ಜನರೇ ತಂದುಕೊಡುತ್ತಿದ್ದರು. ಕೆಲವು ಸ್ಟ್ರಿಪ್ಪನ್ನು ಮೆಡಿಕಲ್ ಅಂಗಡಿಯವರು ಕತ್ತರಿಸಿ ಕೊಟ್ಟಿರುತ್ತಿದ್ದರು. ಹೆಸರು ಅರ್ಧ ಇರುತ್ತಿತ್ತು. ಎಕ್ಸ್‌ಪೈರಿ ಡೇಟು ಇನ್ನೊಂದು ತುಂಡಿನಲ್ಲಿ ಬೇರೆ ಯಾರದೋ ಮನೆಗೆ ಹೋಗಿರುತ್ತಿತ್ತು. ಅರ್ಧ ಹೆಸರಿನ ಮೇಲೆಯೇ ನಾನು ಪೂರ್ತಿ ಔಷಧಿ ಗುರುತಿಸುತ್ತಿದ್ದೆ. ಎಂಥ ಹೆಮ್ಮೆ ನನಗೆ!

ಅಫಜಲಪುರದಲ್ಲಿರುವ ತಂಗಿಗೆ ಕೆಮ್ಮು ಎಂದು ಫೋನ್ ಬಂದರೆ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿಯೊಳಗೆ ನಾಲ್ಕು ಕ್ಯಾಪ್ಸೂಲ್ ಇಟ್ಟು ಆ ಕಡೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದೆ. ಜೇವರ್ಗಿಯ ತವರುಮನೆಗೆ ಹೋಗುವಾಗ ಪರ್ಸಿನಲ್ಲಿ ಎರಡು ಸ್ಟ್ರಿಪ್ ಇಲ್ಲದೆ ಹೊರಟಿದ್ದೇ ಇಲ್ಲ. ಅಣ್ಣ ತಮಾಷೆ ಮಾಡುತ್ತಿದ್ದ: 'ನಮ್ ತಂಗಿ ಬಂದ್ಲಂದ್ರ ಸಂಚಾರಿ ದವಾಖಾನಿ ಬಂದಂಗ.' ನಾನು ನಗುತ್ತಿದ್ದೆ. ಮನಸ್ಸಿನೊಳಗೆ ಖುಷಿಯೂ ಪಡುತ್ತಿದ್ದೆ.

ಕಾಶೀಬಾಯಿಯದು ಮಾತ್ರ ಬೇರೆ ಕತೆ. ದಿನವಿಡೀ ಒಲೆಯ ಮುಂದೆ ಕೂಡುವವಳು. ಬೇಸಿಗೆಯಲ್ಲಿ ಆ ಬೆಂಕಿಯೆದುರು ಕೂತು, ಏಳಬೇಕಾಗುತ್ತದೆ ಎಂದು ನೀರೇ ಕುಡಿಯುತ್ತಿರಲಿಲ್ಲ. ವರ್ಷಕ್ಕೆ ಎರಡೋ ಮೂರೋ ಸಲ ಉರಿ ಶುರುವಾಗುತ್ತಿತ್ತು. ಯಾವ ಉರಿ ಎಂದು ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ. ಇದೇ ಅಡುಗೆಮನೆ ಬಾಗಿಲ ಹಿಂದೆ ನಿಂತು, ಸೆರಗನ್ನು ಬಾಯಿಗೆ ಹಿಡಿದು, ಪಿಸುಮಾತಿನಲ್ಲಿ ಹೇಳುತ್ತಿದ್ದಳು. 'ಗಂಡಸ್ ಡಾಕ್ಟರ ಮುಂದ ಹ್ಯಾಂಗ ಹೇಳ್ಲಿರಿ ಅಕ್ಕಾರ? ಸಾಯ್ತೇನಿ ಖರೆ, ಹೇಳಂಗಿಲ್ಲ.'

ನಾನು ಡಬ್ಬಿ ತೆಗೆಯುತ್ತಿದ್ದೆ. ಮೂರು ಗುಳಿಗೆ. ಕೆಲವು ಸಲ ನಾಲ್ಕು. ಡಬ್ಬಿಯಲ್ಲಿ ಎಷ್ಟಿದ್ದರೆ ಅಷ್ಟೇ ಕೋರ್ಸು! 'ಉರಿ ಕಮ್ಮಿ ಆದಕೂಡ್ಲೆ ಬಿಟ್ಬಿಡು, ಈ ಗುಳಿಗಿ ಭಾಳ ಹೀಟ್. ಮ್ಯಾಲ ಮಜ್ಜಿಗಿ ಕುಡಿ' ಎಂದು ಉಪದೇಶ ಬೇರೆ. ಎರಡು ದಿನಕ್ಕೆ ಉರಿ ಇಳಿಯುತ್ತಿತ್ತು. ಅವಳು ನಾಲ್ಕು ಬಿಸಿ ರೊಟ್ಟಿ ತಂದಿಟ್ಟು, 'ನಿಮ್ ಕೈಗುಣ ಭಾರಿ ಅದ್ರಿ' ಎನ್ನುತ್ತಿದ್ದಳು.

ಕೈಗುಣ. ಆ ಮಾತನ್ನು ಈಗ ನೆನೆಸಿಕೊಂಡರೆ ಕೈ ತೊಳೆಯಬೇಕು ಅನ್ನಿಸುತ್ತದೆ.

ರಿಪೋರ್ಟು ಹಿಡಿದುಕೊಂಡು ಅಂದು ನಾನೇ ಅವಳ ಜೊತೆ ಹೊರಟೆ. ಸವಿತಾ ಒಂದು ಕಡೆ, ನಾನು ಒಂದು ಕಡೆ, ನಡುವೆ ಕಾಶೀಬಾಯಿ. ಡಾಕ್ಟರು ಯಡ್ರಾಮಿ ಕಡೆಯ ಹುಡುಗಿ. ನನ್ನ ಮೊಮ್ಮಗಳ ವಯಸ್ಸು. ರಿಪೋರ್ಟನ್ನು ಮೇಲಿಂದ ಕೆಳಗೆ ನೋಡಿ, ಮತ್ತೆ ಮೇಲಿಂದ ನೋಡಿದಳು.

'ಅವ್ವಾ, ಇದಕ್ಕ ಮೊದ್ಲು ಏನೇನ್ ಗುಳಿಗಿ ತೊಗೊಂಡಿದಿ?'

'ಏನೂ ಇಲ್ರಿ' ಎಂದಳು ಕಾಶೀಬಾಯಿ.

'ನೆನಪ್ ಮಾಡ್ಕೊ. ಯಾರರ ಕೊಟ್ಟಿದ್ರೇನು? ಮೆಡಿಕಲ್‌ದಾಗ ತೊಗೊಂಡಿದ್ದೇನು?'

'ಯಾರೂ ಕೊಟ್ಟಿಲ್ರಿ. ನಾ ಗುಳಿಗಿನೇ ನುಂಗಂಗಿಲ್ಲ.'

ಮೈ ಕೆಂಡದಂತೆ ಸುಡುತ್ತಿತ್ತು. ಕೂಡಲು ತ್ರಾಣವಿರಲಿಲ್ಲ. ಆದರೂ ಅವಳು ನನ್ನ ಕಡೆ ಒಂದು ಸಲವೂ ನೋಡಲಿಲ್ಲ. ನೋಡಿದರೆ ಎಲ್ಲಿ ಗೊತ್ತಾಗಿಬಿಡುತ್ತದೋ ಎಂದು! ನನ್ನ ಮರ್ಯಾದೆ ಕಾಯಲು ಡಾಕ್ಟರಿಗೆ ಸುಳ್ಳು ಹೇಳುತ್ತಿದ್ದಳು ಪುಣ್ಯಾತ್ಗಿತ್ತಿ. ನಾನು? ಪೂರ್ತಿ ಒಂದು ನಿಮಿಷ ಸುಮ್ಮನೆ ಕೂತಿದ್ದೆ. ಅದನ್ನೂ ಬರೆಯಬೇಕು. ಮಾರಲ್ ಸೈನ್ಸಿನಲ್ಲಿ ವರ್ಷವರ್ಷವೂ ಪ್ರೈಜ್ ತೆಗೆದುಕೊಂಡವಳು ಪೂರ್ತಿ ಒಂದು ನಿಮಿಷ ಗೋಡೆಯ ಮೇಲಿನ ಲಸಿಕೆಯ ಚಾರ್ಟ್ ನೋಡುತ್ತ ಕೂತಿದ್ದೆ.

'ನಾನು ಕೊಟ್ಟೇನಿ' ಎಂದೆ ಕೊನೆಗೆ.

ಡಾಕ್ಟರು ನನ್ನ ಕಡೆ ತಿರುಗಿದಳು. 'ಯಾವುದು, ಅಮ್ಮಾ?'

'ಇದರಾಗ ಆರ್ ಅಂತ ಬರದಿದ್ದು ಹೆಚ್ಚುಕಮ್ಮಿ ಎಲ್ಲಾ.'

ಬಯ್ಯುತ್ತಾಳೆ ಅಂದುಕೊಂಡೆ. ಬಯ್ಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಒಂದೊಂದನ್ನೂ ಬರೆದುಕೊಂಡಳು. ಆಮೇಲೆ ಸಾವಕಾಶವಾಗಿ ತಿಳಿಸಿ ಹೇಳಿದಳು. ಅರ್ಧಂಬರ್ಧ ಗುಳಿಗೆ, ಸಂಬಂಧವಿಲ್ಲದ ಗುಳಿಗೆ, ಹೀಗೆ ಪದೇ ಪದೇ ನುಂಗಿದಾಗ ಮೆತ್ತಗಿನ ರೋಗಾಣುಗಳು ಸಾಯುತ್ತವೆ, ಗಟ್ಟಿಯವು ಉಳಿಯುತ್ತವೆ. ಉಳಿದವು ಬೆಳೆಯುತ್ತವೆ. ಮುಂದಿನ ಸಲ ಅದೇ ಗುಳಿಗೆ ಅವುಗಳಿಗೆ ಏನೂ ಮಾಡುವುದಿಲ್ಲ.

'ನನ್ನಿಂದನೇ ಹೀಂಗಾಯ್ತಾ ಡಾಕ್ಟರ್?'

'ನಿಮ್ ಡಬ್ಬಿಯಿಂದನೇ ಅಂತ ನಾ ಹೇಳಂಗಿಲ್ಲ ಅಮ್ಮಾ. ಅಲ್ಲ ಅಂತನೂ ಹೇಳಂಗಿಲ್ಲ. ಇಂಥ ರೋಗಾಣು ಒಬ್ಬರ ಮೈಯಾಗೇ ಕೂಡಂಗಿಲ್ಲ, ಮನ್ಯಾಗ ಒಬ್ರಿಂದ ಒಬ್ರಿಗೆ ದಾಟ್ತಾವ. ಅಷ್ಟೇ ಅಲ್ಲ, ತಾವು ಕಲ್ತ ವಿದ್ಯಾನ ಬಾಜೂಕಿನ ಬ್ಯಾರೆ ರೋಗಾಣುಗೂ ಹಂಚ್ತಾವ.'

ಹಂಚುತ್ತವೆ! ನನ್ನ ಹಾಗೆಯೇ. ನನ್ನ ಡಬ್ಬಿ ಮಾಡಿದ್ದಕ್ಕಿಂತ ದೊಡ್ಡ ದಾಸೋಹವನ್ನು ಅವು ಮೈಯೊಳಗೇ ಕೂತು ನಡೆಸುತ್ತಿದ್ದವು.

ತಂಗಿಯ ಕೆಮ್ಮಿನ ಸುದ್ದಿಯನ್ನೂ ಹೇಳಿದೆ. 'ನೆಗಡಿ ಕೆಮ್ಮಿಗೆ ಬಹಳ ಸಲ ಈ ಗುಳಿಗಿ ಬೇಕೇ ಆಗಂಗಿಲ್ಲ ಅಮ್ಮಾ, ತಾನೇ ಹೋಗ್ತದ' ಎಂದಳು. ಹಾಗಾದರೆ ಶೇಂಗಾ ಹಿಂಡಿಯೊಂದನ್ನೇ ಕಳಿಸಿದ್ದರೆ ಸಾಕಿತ್ತು.

ರಿಪೋರ್ಟಿನ ತಳದಲ್ಲಿ ಎರಡು ಹೆಸರಿನ ಮುಂದೆ ಮಾತ್ರ ಎಸ್ ಎಂದಿತ್ತು. ಅವೆರಡೇ ಕೆಲಸ ಮಾಡುವಂಥವು. ಎರಡೂ ಇಂಜೆಕ್ಷನ್. ಕಲಬುರಗಿಯಲ್ಲಿ ಅಡ್ಮಿಟ್ ಆಗಿ ರಕ್ತನಾಳಕ್ಕೆ ಕೊಡಬೇಕು. ಕಿಡ್ನಿಗೆ ಆಗಲೇ ಸೋಂಕು ಏರಿತ್ತು. ಅಂದು ಮಧ್ಯಾಹ್ನವೇ ಕಳಿಸಿದರು. ಗಾಡಿ ಹತ್ತುವಾಗ ಕಾಶೀಬಾಯಿ ನನ್ನ ಕೈ ಹಿಡಿದು ಅಂದದ್ದು ಇದು: 'ನೀವ್ಯಾಕ ಹೇಳಿದ್ರಿ ಅಕ್ಕಾರ? ನಾ ಸಂಬಾಳಿಸ್ತಿದ್ದೆ.'

ಮೊದಲ ಮೂರು ದಿನ ಜ್ವರ ಇಳಿಯಲಿಲ್ಲ. ಸವಿತಾಳ ಫೋನ್ ಬಂದಾಗಲೆಲ್ಲ ನನಗೆ ಹಲೋ ಅನ್ನಲೂ ಭಯ. ನಾಲ್ಕನೆಯ ದಿನ ಇಳಿಯಿತು. ಎರಡು ವಾರಕ್ಕೆ ಕಾಶೀಬಾಯಿ ಮನೆಗೆ ಬಂದಳು. ಅರ್ಧ ಆಗಿದ್ದಳು. ಈಗಲೂ ಒಲೆಯ ಮುಂದೆ ಕೂಡುವ ಶಕ್ತಿ ಬಂದಿಲ್ಲ. ನಮ್ಮ ಮನೆಯ ಚಹಾವನ್ನು ಈಗ ಗಡಿಯಾರ ನೋಡಿ ಇಡುತ್ತೇನೆ. ಮತ್ತೆ ಹೀಗಾದರೆ ಆ ಎರಡು ಹೆಸರೂ ಉಳಿದಿರುತ್ತವೆ ಎಂಬ ಖಾತ್ರಿ ಇಲ್ಲ ಎಂದು ಡಾಕ್ಟರು ಹೇಳಿದ್ದಾಳೆ.

ನೀಲಿ ಡಬ್ಬಿಯನ್ನು ಏನು ಮಾಡುವುದು? ಚರಂಡಿಗೆ ಹಾಕಬೇಡಿ, ನೀರಿಗೆ ಸೇರಿ ಅಲ್ಲಿಯ ರೋಗಾಣುಗಳಿಗೂ ಪಾಠ ಆಗುತ್ತದೆ ಎಂದಿದ್ದಳು ಡಾಕ್ಟರು. ಡಬ್ಬಿ ಹೊತ್ತುಕೊಂಡು ದವಾಖಾನೆಗೇ ಹೋದೆ. ಅಲ್ಲಿನ ನರ್ಸಮ್ಮ ಮುಚ್ಚಳ ತೆಗೆದು ಹೌಹಾರಿದಳು. 'ಅಮ್ಮಾರೆ, ನಮ್ ಸ್ಟೋರ್‌ಕಿಂತ ಜಾಸ್ತಿ ವೆರೈಟಿ ಇದರಾಗ ಅದಾವಲ್ರಿ! ಬೋರ್ಡ್ ಒಂದೇ ಹಾಕಿಲ್ಲ ನೋಡ್ರಿ ನೀವು.' ಅವಳು ನಕ್ಕಳು. ನನಗೂ ನಗು ಬಂತು. ಹೊರಗೆ ಬಂದ ಮೇಲೆ ಅಳು ಬಂತು.

ತಪ್ಪು ನನ್ನೊಬ್ಬಳದೇ ಎಂದು ಎದೆ ಬಡಿದುಕೊಂಡರೂ ಸುಳ್ಳಾಗುತ್ತದೆ. ಡಾಕ್ಟರ ಚೀಟಿ ಕೇಳದೆ ಸ್ಟ್ರಿಪ್ ಕತ್ತರಿಸಿ ಕೊಡುವ ಅಂಗಡಿಯನ್ನು ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನಲ್ಲಿ ಹುಡುಕಬೇಕಿಲ್ಲ. ನೆಗಡಿಗೂ 'ಪವರ್‌ಫುಲ್ ಬರೀರಿ' ಎಂದು ಡಾಕ್ಟರಿಗೇ ಗಂಟು ಬೀಳುವವರು ನಾವೇ. ರೋಗಾಣು ಯಾವ ಔಷಧಿಗೆ ಬಗ್ಗುತ್ತದೆ ಎಂದು ನೋಡುವ ಕಲ್ಚರ್ ಟೆಸ್ಟಿಗೆ ಕಲಬುರಗಿಯ ದಾರಿ ನೋಡಬೇಕು. ಎಲ್ಲ ನಿಜ. ಸರಿಪಡಿಸಬೇಕಾದವರು ಸರಿಪಡಿಸಲಿ. ಆದರೆ ಆ ಡಬ್ಬಿಯ ಮುಚ್ಚಳ ತೆಗೆದದ್ದು ಯಾವ ಸರ್ಕಾರವೂ ಅಲ್ಲವಲ್ಲ? ಇಂಗ್ಲೀಷ್ ಓದಲು ಬರುತ್ತದೆ ಎಂಬ ಮಾತ್ರಕ್ಕೆ ವೈದ್ಯವೂ ಬರುತ್ತದೆ ಎಂದು ಜನ ನಂಬಿದರು. ಪಾಪ, ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತಲ್ಲ?

ಇಷ್ಟಕ್ಕೇ ಈ ವಾರದ ಬರಹ ಮುಗಿಸಬೇಕೆಂದಿದ್ದೆ. ಆದರೆ ಮೊನ್ನೆ ಸೋಮವಾರ ಬೆಳಿಗ್ಗೆ ಸವಿತಾ ಬಂದಳು. ಅದೇ ಅಡುಗೆಮನೆ ಬಾಗಿಲು. ಅದೇ ರೀತಿ ಸೆರಗು ಬಾಯಿಗೆ.

'ಅಕ್ಕಾರ, ಡಬ್ಬಿದಾಗ ಏನರ ಉಳದಾವೇನ್ರಿ?'

'ಯಾರಿಗೆ?'

'ನನಗೇ ರೀ. ನಿನ್ನೀಯಿಂದ ಉರಿ.'

ಇಷ್ಟೆಲ್ಲ ಕಣ್ಣಾರೆ ಕಂಡವಳು! ಸಿಟ್ಟು ಬಂತು. 'ಅಲ್ಲ ಬೇ, ನಿಮ್ಮತ್ತಿಗಿ ಏನಾಯ್ತು ನೋಡಿದಿಲ್ಲೋ? ಲೇಡಿ ಡಾಕ್ಟರ್ ಬಂದಾಳಲ್ಲ, ಹೋಗಾಕೇನು ಧಾಡಿ?'

'ಒಬ್ಬಾಕಿ ಹ್ಯಾಂಗ ಹೋಗ್ಲಿರಿ? ಚೀಟಿ ಮಾಡಿಸೋ ಕಡಿ ಎಲ್ಲಾ ಗಂಡಸ್ರೇ ನಿಂತಿರ್ತಾರ. ಏನಾಗ್ಯದ ಅಂತ ಕೇಳ್ತಾರ.'

'ಚಪ್ಪಲ್ ಹಾಕ್ಕೊ. ನಡಿ' ಎಂದೆ.

ಮೊಣಕಾಲು ನೋವಿನ ಮುದುಕಿ ನಾನು, ಕುಂಟುತ್ತ ಹೋದರೂ ದವಾಖಾನೆಗೆ ಹನ್ನೆರಡು ನಿಮಿಷ. ಚೀಟಿ ನಾನು ಮಾಡಿಸಿದೆ. ಒಳಗೆ ಪರದೆಯ ಹಿಂದೆ ಸವಿತಾ ತಾನೇ ಎಲ್ಲ ಹೇಳಿದಳು. ನಾನು ಹೊರಗೆ ಬೆಂಚಿನ ಮೇಲೆ ಸುಮ್ಮನೆ ಕೂತಿದ್ದೆ, ಅಷ್ಟೇ. ಮೂತ್ರದ ಪರೀಕ್ಷೆ ಮಾಡಿಸಿ, ಎಷ್ಟು ದಿನ ಯಾವ ಗುಳಿಗೆ ಎಂದು ಡಾಕ್ಟರು ಬರೆದುಕೊಟ್ಟಳು. ನೀರು ಚೆನ್ನಾಗಿ ಕುಡಿ, ಮುಗಿದ ಮೇಲೆ ಬಂದು ತೋರಿಸು ಎಂದಳು.

ಮರಳಿ ಬರುವಾಗ ಸವಿತಾ ಹಗುರಾಗಿದ್ದಳು. ಮಾತಿಗೆ ಮಾತು ಬಂದು ಅಂದಳು:

'ನಮ್ಮತ್ತಿನೂ ಹೀಂಗೇ ಅಂತಿದ್ರು ನೋಡ್ರಿ ಅಕ್ಕಾರ. ಲೇಡಿ ಡಾಕ್ಟರ್ ಹಿಂದಕ್ಕೂ ಆಗೀಗ ಬರ್ತಿದ್ರಂತ. ಅಕ್ಕಾರ ಒಂದಿನ ಜೋಡಿ ಬರ್ತೇನಿ ನಡಿ ಅಂದಿದ್ರ ನಾ ಹೋಗ್ತಿದ್ದೆ, ಕೇಳಾಕ ನನಗ ಸಂಕೋಚ ಅಂತ.'

ಹನ್ನೆರಡು ನಿಮಿಷದ ದಾರಿ. ಮೂವತ್ತು ವರ್ಷ ನಾನು ಆ ಡಬ್ಬಿಯಲ್ಲಿ ಹುಡುಕುತ್ತಿದ್ದದ್ದಾದರೂ ಏನನ್ನು?